ಎಂ13 ಫೇಜ್‌ಗೆ ಡೈ ಅಂಟಿಸುವ ಲೆಕ್ಕ: ಚೆಂಡು ಬೇರೆ, ಹೂ ಬೇರೆ

ಎಂ13 ಅಂದರೆ ಇ. ಕೊಲೈ ಬ್ಯಾಕ್ಟೀರಿಯಾಕ್ಕೆ ತಗಲುವ ನೂಲಿನಂಥ ವೈರಸ್. ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್ಸಿಗೆ ಫೇಜ್ ಎನ್ನುತ್ತಾರೆ. ಉದ್ದ ಸುಮಾರು 880 ನ್ಯಾನೊಮೀಟರ್, ದಪ್ಪ 6–7. ಮೈತುಂಬ ಪಿ8 ಪ್ರೋಟೀನಿನ ಸುಮಾರು 2,700 ಪ್ರತಿಗಳಿದ್ದರೆ, ಒಂದು ತುದಿಯಲ್ಲಿ ಪಿ3ರದ್ದು ಐದೇ ಪ್ರತಿ. 1985ರಲ್ಲಿ ಜಾರ್ಜ್ ಸ್ಮಿತ್ ಇದೇ ಜಾತಿಯ ಫೇಜ್‌ನ ಪಿ3ರಲ್ಲಿ ಹೊರಗಿನ ಪೆಪ್ಟೈಡ್ ಕೂರಿಸಿ ತೋರಿಸಿದರು. 2006ರಲ್ಲಿ ಏಂಜೆಲಾ ಬೆಲ್ಚರ್ ಅವರ ತಂಡ ಪಿ8ರ ತುದಿಗೆ ನಾಲ್ಕು ಗ್ಲುಟಮೇಟ್ ಸೇರಿಸಿ, ಫೇಜ್ ಮೈಮೇಲೆ ಕೋಬಾಲ್ಟ್ ಆಕ್ಸೈಡ್ ಬೆಳೆಸಿ ಲಿಥಿಯಂ ಬ್ಯಾಟರಿಗೆ ಆನೋಡ್ ಮಾಡಿತು. ಪಿ8ರ ಎಲ್ಲಾ ಪ್ರತಿಗಳಿಗೂ ಸೇರಿಸುವುದಾದರೆ ಆರೆಂಟು ಅಮೈನೋ ಆಮ್ಲಗಳೇ ಮಿತಿ. ಅದಕ್ಕಿಂತ ಉದ್ದವಾದರೆ ಫೇಜ್ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ಆದ್ದರಿಂದ ದೊಡ್ಡ ವಸ್ತುಗಳನ್ನು ರಾಸಾಯನಿಕವಾಗಿಯೇ ಅಂಟಿಸಬೇಕು. ಡೈ, ಅಂದರೆ ಹೊಳೆಯುವ ಬಣ್ಣದ ಅಣು, ಕೂಡ ಹಾಗೆಯೇ.

ಎಷ್ಟು ಡೈ ಹಾಕಬೇಕೆಂಬ ಲೆಕ್ಕ ತಪ್ಪಾಗುವುದು ಇಲ್ಲಿ. ಉಡುಪಿ ಕಡೆಯ ಶಂಕರಪುರ ಮಲ್ಲಿಗೆ ಮಾರುವುದು ಕಟ್ಟಿದ ಹೂವಿನ ಚೆಂಡಿನ ಲೆಕ್ಕದಲ್ಲಿ. ಒಂದು ಚೆಂಡಿಗೆ 800 ಹೂ. ಪ್ರತಿ ಹೂವಿಗೂ ಏನಾದರೂ ಮಾಡಬೇಕಿದ್ದರೆ ಚೆಂಡು ಎಣಿಸಿ ಪ್ರಯೋಜನವಿಲ್ಲ. ಫೇಜ್ ಚೆಂಡು, ಪಿ8 ಹೂ.

ಮೊದಲು ಚೆಂಡು ಎಣಿಸೋಣ. 269 ನ್ಯಾನೊಮೀಟರ್ ತರಂಗಾಂತರದ ಅಬ್ಸಾರ್ಬೆನ್ಸ್‌ನಿಂದ (ದ್ರಾವಣ ಎಷ್ಟು ಬೆಳಕು ಹೀರುತ್ತದೆಂಬ ಅಳತೆ) 320ರದ್ದನ್ನು ಕಳೆದು, 6×10¹⁶ರಿಂದ ಗುಣಿಸಿ, ಜೀನೋಮಿನ ಬೇಸ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಮಿಲಿಲೀಟರಿನ ಫೇಜ್ ಸಂಖ್ಯೆ ಸಿಗುತ್ತದೆ. 320ರದ್ದನ್ನು ಕಳೆಯುವುದು ಕದಡಿನಿಂದ ಬರುವ ಬೆಳಕಿನ ಚದುರುವಿಕೆಗಾಗಿ. ಅದನ್ನು ಬಿಟ್ಟರೆ ಸಂಖ್ಯೆ ಸುಳ್ಳೇ ಉಬ್ಬುತ್ತದೆ. ಲ್ಯಾಬಿನಲ್ಲಿ ಬಳಸುವ ಎಂ13ಕೆಇ ಎಂಬ ಬಗೆಗೆ 7,222 ಬೇಸ್. ಹತ್ತು ಪಟ್ಟು ತೆಳು ಮಾಡಿದ ಮಾದರಿಯಲ್ಲಿ 0.52 ಮತ್ತು 0.04 ಬಂದರೆ ವ್ಯತ್ಯಾಸ 0.48, ಅಂದರೆ ಮೂಲ ದ್ರಾವಣದಲ್ಲಿ ಸುಮಾರು 4×10¹³ ಫೇಜ್. ಮೋಲಾರಿಟಿಯಲ್ಲಿ ಅದು 66 ನ್ಯಾನೊಮೋಲಾರ್.

ಈಗ ಹೂ. 66 × 2,700 ಅಂದರೆ ಸುಮಾರು 180 ಮೈಕ್ರೊಮೋಲಾರ್ ಪಿ8. ಡೈ ಅಂಟುವುದು ಅಮೀನ್ ಎಂಬ ರಾಸಾಯನಿಕ ಗುಂಪಿಗೆ. ಪ್ರತಿ ಪಿ8ರಲ್ಲಿ ಹೊರಕ್ಕೆ ಸಿಗುವ ಅಮೀನ್ ಎರಡು: ಎನ್-ತುದಿ ಮತ್ತು 8ನೆಯ ಜಾಗದ ಲೈಸಿನ್. ಒಟ್ಟು ಅಮೀನ್ 360 ಮೈಕ್ರೊಮೋಲಾರ್. "ಫೇಜ್ 66 ನ್ಯಾನೊಮೋಲಾರ್, ಡೈ ಹತ್ತು ಪಟ್ಟು ಹಾಕಿದರೆ ಸಾಕು" ಅಂದುಕೊಂಡರೆ 2,700 ಹೂವಿಗೆ ಹೆಚ್ಚೆಂದರೆ ಹತ್ತು ಡೈ.

ಫೇಜ್ ಒಂದಕ್ಕೆ 500 ಡೈ ಬೇಕೆನ್ನೋಣ. ಒಂದು ಮಿಲಿಲೀಟರಿಗೆ 33 ನ್ಯಾನೊಮೋಲ್ ಅಂಟಬೇಕು. ಡೈಯಲ್ಲಿ ಅಮೀನಿಗೆ ಅಂಟುವ ತುದಿಯಾದ ಎನ್‌ಎಚ್‌ಎಸ್ ಎಸ್ಟರಿನ ಒಂದು ಪಾಲು ನೀರಿನಲ್ಲಿ ಒಡೆದುಹೋಗುವುದರಿಂದ ಮೂರು ಪಟ್ಟು, ಅಂದರೆ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ 10 ಮಿಲಿಮೋಲಾರ್ ಡೈ 10 ಮೈಕ್ರೊಲೀಟರ್ ಹಾಕಿ ಶುರುಮಾಡಿ. ಬೈಕಾರ್ಬನೇಟ್ ಬಫರ್, ಪಿಎಚ್ 8.3, ಕತ್ತಲಲ್ಲಿ ಒಂದು ಗಂಟೆ. ಹೆಚ್ಚು ತುಂಬಿದರೆ ಡೈಗಳು ಒಂದರ ಹೊಳಪನ್ನು ಇನ್ನೊಂದು ನುಂಗುತ್ತವೆ, ಫೇಜ್ ಗಂಟು ಕಟ್ಟುತ್ತದೆ.

ಇಷ್ಟು ಮಾಡಿಯೂ ಬಣ್ಣ ಹಿಡಿಯದಿದ್ದರೆ ಮೊದಲು ಬಫರಿನಲ್ಲಿರುವ ಟ್ರಿಸ್ ಎಂಬ ರಾಸಾಯನಿಕ ನೋಡಿ. ಪಿಇಜಿ ಎಂಬ ಪಾಲಿಮರ್ ಹಾಕಿ ತಳಕ್ಕೆ ಇಳಿಸಿದ ಫೇಜನ್ನು ಸಾಮಾನ್ಯವಾಗಿ ಟಿಬಿಎಸ್ ಎಂಬ ಬಫರಿನಲ್ಲಿ ಕರಗಿಸಿಟ್ಟಿರುತ್ತೇವೆ. ಅದರಲ್ಲಿ ಟ್ರಿಸ್ 50 ಮಿಲಿಮೋಲಾರ್, ಮತ್ತು ಟ್ರಿಸ್ ತಾನೇ ಅಮೀನ್. 50,000 ಮೈಕ್ರೊಮೋಲಾರ್‌ನೆದುರು ನಮ್ಮ 360 ಯಾವ ಲೆಕ್ಕ! ನೂರಕ್ಕೆ ಒಂದು ಪಾಲು ಉಳಿದರೂ 500, ಫೇಜಿನ ಅಮೀನಿಗಿಂತ ಹೆಚ್ಚೇ. ಒಂದು ಮಿಲಿಲೀಟರನ್ನು ಒಂದು ಲೀಟರ್ ಬಫರಿಗೆ ಡಯಾಲಿಸಿಸ್ ಇಟ್ಟರೆ ಟ್ರಿಸ್ 50 ಮೈಕ್ರೊಮೋಲಾರಿಗೆ ಇಳಿಯುತ್ತದೆ. ಬಫರ್ ಬದಲಿಸಿ ಇನ್ನೊಮ್ಮೆ ಇಟ್ಟರೆ 0.05ಕ್ಕೆ. ಎರಡು ಸಲ ಬದಲಿಸಲೇಬೇಕು, ಪ್ರತಿ ಸಲವೂ ಕೆಲವು ಗಂಟೆ ಬಿಟ್ಟು.

ಮಂಗಳೂರಿನ ಮಳೆಗಾಲದಲ್ಲಿ ಇನ್ನೊಂದು ಕಳ್ಳನಿದ್ದಾನೆ. −20 ಡಿಗ್ರಿಯಿಂದ ತೆಗೆದ ಡೈ ಬಾಟಲಿಯನ್ನು ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವ ಒಳಗೆ ಹನಿಗಟ್ಟಿ ಎಸ್ಟರನ್ನು ಅಲ್ಲೇ ಒಡೆಯುತ್ತದೆ. ಮುಚ್ಚಳ ತೆಗೆಯದೆ ಕೋಣೆಯ ಬಿಸಿಗೆ ಬರಲು ಬಿಡಿ. ತೆರೆದಿಟ್ಟ ಡಿಎಂಎಸ್‌ಒ ಕೂಡ ನೀರು ಹೀರುತ್ತದೆ.

ಉಳಿದ ಡೈ ತೆಗೆಯಲು 20% ಪಿಇಜಿ 8000, 2.5 ಮೋಲಾರ್ ಉಪ್ಪಿನ ದ್ರಾವಣವನ್ನು ಫೇಜಿನ ಕಾಲು ಭಾಗ ಸೇರಿಸಿ. ಕೊನೆಗೆ ಅದು 4% ಆಗುತ್ತದೆ. ಮಂಜುಗಡ್ಡೆಯಲ್ಲಿಟ್ಟು ಸೆಂಟ್ರಿಫ್ಯೂಜ್ ಮಾಡಿ. ಮೇಲಿನ ನೀರಿನಲ್ಲಿ ಬಣ್ಣ ಕಾಣದಾಗುವವರೆಗೆ ಮತ್ತೆ ಮತ್ತೆ ಮಾಡಿ. ಇದಾದ ಮೇಲೆ 269ರ ಅಳತೆಯನ್ನು ಹಾಗೇ ನಂಬಬೇಡಿ, ಅಲ್ಲಿ ಡೈ ಕೂಡ ಬೆಳಕು ಹೀರುತ್ತದೆ. ಡೈ ಅಲ್ಲಿ ಹೀರುವ ಪಾಲನ್ನು ಕಳೆದೇ ಫೇಜ್ ಲೆಕ್ಕ ಹಾಕಿ.