ಮಾತ್ರೆ ಬಿಟ್ಟವರು ವಾಪಸ್ ಬಂದಾಗ

8 ತಿಂಗಳು ಎಚ್‌ಐವಿ ಮಾತ್ರೆ ಬಿಟ್ಟಿದ್ದ ಒಬ್ಬರು ಮೊನ್ನೆ ನಮ್ಮ ಚಿಕಿತ್ಸಾ ಕೇಂದ್ರಕ್ಕೆ ವಾಪಸ್ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ, ಬಾಗಿಲ ಹತ್ತಿರವೇ ನಿಂತಿದ್ದರು. ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದರು. ಎಚ್‌ಐವಿ ಚಿಕಿತ್ಸೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಈ ಗಳಿಗೆ. ನಮ್ಮ ಮೊದಲ ಮಾತೇ ಗಡುಸಾದರೆ ಅವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

ಜನ ಯಾಕೆ ಬಿಡುತ್ತಾರೆ? ಮರೆವು ಅಂತ ನಾವು ಸುಮ್ನೆ ಬರೆದುಕೊಂಡು ಬಿಡುತ್ತೇವೆ. ಕೂತು ಕೇಳಿದರೆ ಬೇರೆಯೇ ಕಥೆ. ಇವರು ಡಬ್ಬಿಯ ಲೇಬಲ್ ಕಿತ್ತು, ಅಲ್ಲಾಡಿದರೆ ಸದ್ದಾಗಬಾರದು ಅಂತ ಒಳಗೆ ಹತ್ತಿ ತುರುಕಿ, ಬಟ್ಟೆಗಳ ಅಡಿಯಲ್ಲಿ ಇಡುತ್ತಿದ್ದರು. ನೆಂಟರು ಬಂದು ಉಳಿದ 15 ದಿನ ಅದನ್ನು ತೆಗೆಯಲೇ ಆಗಲಿಲ್ಲ. ಆಮೇಲೆ ನಮ್ಮ ಮುಖ ನೋಡಲು ನಾಚಿಕೆ. ಆ 15 ದಿನವೇ 8 ತಿಂಗಳಾಯಿತು.

ಇನ್ನು ಕೆಲವರು ಈಗ ಆರಾಮಾಗಿದ್ದೇನಲ್ಲ ಅಂತಲೇ ಬಿಡುತ್ತಾರೆ. ಪರೀಕ್ಷೆಯಲ್ಲಿ ವೈರಸ್ ಕಾಣದಿದ್ದರೂ ಅದು ಕೆಲವು ಜೀವಕೋಶಗಳ ಒಳಗೆ ಅಡಗಿರುತ್ತದೆ, ಮಾತ್ರೆ ನಿಂತರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮತ್ತೆ ಏಳುತ್ತದೆ. ಸಿಡಿ4 ಎಣಿಕೆ, ಅಂದರೆ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಕೋಶಗಳ ಲೆಕ್ಕ, ನೋಡಿಕೊಂಡು ಮಾತ್ರೆ ನಿಲ್ಲಿಸಿ, ಮತ್ತೆ ಶುರು ಮಾಡಿದರೆ ಹೇಗೆ ಅಂತ 33 ದೇಶಗಳ 5,000ಕ್ಕೂ ಹೆಚ್ಚು ಜನರಲ್ಲಿ 'ಸ್ಮಾರ್ಟ್' ಎಂಬ ಅಧ್ಯಯನ ನೋಡಿತ್ತು. 2006ರಲ್ಲಿ ಫಲಿತಾಂಶ ಬಂತು. ಬಿಟ್ಟು ಬಿಟ್ಟು ತೆಗೆದುಕೊಂಡವರಲ್ಲಿ ಕಾಯಿಲೆಯೂ ಸಾವೂ ಜಾಸ್ತಿ ಇತ್ತು.

ಹಾಗಾಗಿ ನಾನು "ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ?" ಅಂತ ಕೇಳುವುದೇ ಇಲ್ಲ. ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. "ಹೋದ ವಾರ ಎಷ್ಟು ದಿನ ತಪ್ಪಿತು?" ಅಂತ ಕೇಳಿದರೆ, ತಪ್ಪುವುದು ಸಹಜ ಅಂತ ಕೇಳುವವರಿಗೂ ಗೊತ್ತಿದೆ ಅನ್ನಿಸಿ ಬಾಯಿ ಬಿಡುತ್ತಾರೆ. ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧಿ ತೆಗೆದುಕೊಳ್ಳುವವರನ್ನು ಇನ್ನೊಂದು ಮಾತೂ ಕೇಳಬೇಕು: ಆ್ಯಂಟಾಸಿಡ್ ಅಥವಾ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಏನಾದರೂ ಜೊತೆಗೆ ನುಂಗುತ್ತಿದ್ದೀರಾ? ಇವು ಔಷಧಿ ಮೈಗೆ ಹತ್ತದಂತೆ ಮಾಡುತ್ತವೆ. ಒಂದು ದಿನವೂ ತಪ್ಪಿಸದವರಿಗೆ, ಮಾತ್ರೆ ಬಿಟ್ಟರು ಅಂತ ಸುಮ್ಮನೆ ಕೆಟ್ಟ ಹೆಸರು ಬರಬಾರದು ಅಲ್ವಾ?

ಒಂದು ವಿಷಯವನ್ನಂತೂ ನಾನು ಎಲ್ಲರಿಗೂ ಹೇಳುತ್ತೇನೆ, ಎಷ್ಟು ಸಲ ಬೇಕಾದರೂ. ಮಾತ್ರೆ ಬಿಡದೆ, ವೈರಸ್ ಪರೀಕ್ಷೆಯಲ್ಲಿ ಕಾಣದ ಮಟ್ಟದಲ್ಲೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಇದನ್ನು ಕೇಳಿ ಅತ್ತವರಿದ್ದಾರೆ. ವರ್ಷಗಟ್ಟಲೆ ಚಿಕಿತ್ಸೆಯಲ್ಲಿದ್ದರೂ ಯಾರೂ ಅವರಿಗೆ ಇದನ್ನು ಹೇಳಿರಲಿಲ್ಲ.

ಮೊನ್ನೆ ಬಂದವರಿಗೆ ನಾನು ಮೊದಲು ಹೇಳಿದ್ದು "ಬಂದಿರಲ್ಲ, ಒಳ್ಳೆಯದಾಯಿತು" ಅಂತ. ಆಗ ಕೂತರು. ಕೆಮ್ಮು, ಜ್ವರ, ತೂಕ ವಿಚಾರಿಸಿ, ಕ್ಷಯದ ಲಕ್ಷಣ ಇಲ್ಲ ಅಂತ ನೋಡಿಕೊಂಡು, ಸಿಡಿ4ಗೆ ರಕ್ತ ತೆಗೆದುಕೊಂಡೆವು. ಅವತ್ತೇ ಮಾತ್ರೆ ಮತ್ತೆ ಶುರುವಾಯಿತು. ಡಬ್ಬಿ ಈಗ ಮನೆಯಲ್ಲಿಲ್ಲ, ಕೆಲಸದ ಜಾಗದ ಡ್ರಾಯರಿನಲ್ಲಿದೆ. ಹತ್ತಿ ತುರುಕುವ ಯೋಚನೆ ಅಲ್ಲಿಲ್ಲ.