ಉಪ್ಪಾಗೆ ಕೊಯ್ಲಿನ ದಿನ ಊರೇ ಗೊತ್ತುಮಾಡಲಿ

ಶಿರಸಿ, ಸಿದ್ದಾಪುರ, ಹೊನ್ನಾವರದ ಘಟ್ಟದ ಊರುಗಳಲ್ಲಿ ಸಿಂಗಳೀಕ ಉಳಿಸುವ ಮಾತು ಕೊನೆಗೆ ಬಂದು ನಿಲ್ಲುವುದು ಹುಳಿ ಹಣ್ಣಿನ ಕಾಡುಮರವಾದ ಉಪ್ಪಾಗೆಯ ಬುಡದಲ್ಲಿ. ತಮಿಳುನಾಡಿನ ಆನೈಮಲೆಯ ಸಿಂಗಳೀಕಗಳಿಗೆ ಮುಖ್ಯ ಆಹಾರವಾದ ಕಲೀನಿಯಾ ಮರ ಇಲ್ಲಿಲ್ಲ. ಇಲ್ಲಿನ ಸಿಂಗಳೀಕಗಳು ಅತ್ತಿ-ಆಲದ ಜಾತಿಯವು, ರಾಮಪತ್ರೆ, ಉಪ್ಪಾಗೆ ಇಂಥವನ್ನೇ ನಂಬಿ ಬದುಕಬೇಕು. ಅದೇ ಉಪ್ಪಾಗೆಯ ಒಣಸಿಪ್ಪೆಗೆ ಕೇರಳದ ಮೀನುಸಾರಿನಿಂದ ಹಿಡಿದು ತೂಕ ಇಳಿಸುವ ಮಾತ್ರೆಯವರೆಗೆ ಬೇಡಿಕೆ.

ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾದದ್ದು 2011ರಲ್ಲಿ, ಸುಮಾರು 300 ಚದರ ಕಿ.ಮೀ. ಆಗ ಅದು ಅಭಯಾರಣ್ಯವಾಗಿರಲಿಲ್ಲ; 2019ರಲ್ಲಿ ಅದನ್ನು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿಸಲಾಯಿತು. ಸಂರಕ್ಷಿತ ಪ್ರದೇಶದ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿರಬೇಕಿತ್ತು. ಆದರೆ ಆ ಸಮಿತಿಗಿದ್ದದ್ದು ಸಲಹೆ ಕೊಡುವ ಅಧಿಕಾರ ಮಾತ್ರ. ಮರದ ಮೇಲಿನ ಕಾಯಿ ಉಳಿಯಬೇಕೆಂದರೆ ಊರಿನ ಕಟ್ಟುಪಾಡೇ ಬೇಕು.

ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಹಸಿರು ಹೋಗಿ ಹಳದಿ ತಿರುಗುವವರೆಗೆ ಕಾದರೆ ಸಿಪ್ಪೆ ದಪ್ಪ, ತೂಕವೂ ಹೆಚ್ಚು. ಬೀಜ ಬಲಿತು, ಅದರಿಂದ ತೆಗೆಯುವ ತುಪ್ಪಕ್ಕೂ ಬರುತ್ತದೆ. ಇದು ಕೊಯ್ಯುವವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಎಳೆಗಾಯಿಗೇ ಕತ್ತಿ ಹಾಕುತ್ತಾರೆ, ಏಕೆಂದರೆ ಇವತ್ತು ಬಿಟ್ಟರೆ ನಾಳೆ ಇನ್ನೊಬ್ಬರ ಚೀಲಕ್ಕೆ ಹೋಗುತ್ತದೆ. ಅವಸರದಲ್ಲಿ ಕೊಂಬೆಯನ್ನೇ ಕಡಿದರೆ ಮುಂದಿನ ವರ್ಷದ ಫಸಲೂ ಹೋಯಿತು, ಸಿಂಗಳೀಕ ದಾಟುವ ದಾರಿಯೂ ಹೋಯಿತು. ಹೀಗಿರುವಾಗ ಮನೆಮನೆಗೆ ಹೋಗಿ ಬುದ್ಧಿ ಹೇಳುವುದು ದಂಡ.

ಗ್ರಾಮ ಅರಣ್ಯ ಸಮಿತಿಯ ಸಭೆ ಮೇ ತಿಂಗಳಲ್ಲೇ ಆಗಲಿ, ವ್ಯಾಪಾರಿಯ ಮುಂಗಡ ಕೈಸೇರುವ ಮೊದಲು. ಮುಂಗಡ ತೆಗೆದುಕೊಂಡವರು ಕಾಯಲಾರರು. ಪಕ್ಕದೂರಿನಿಂದ ಕೊಯ್ಯಲು ಬರುವವರನ್ನೂ ಕೂರಿಸಿಕೊಳ್ಳಿ. ಅವರನ್ನು ಬಿಟ್ಟು ಮಾಡಿದ ನಿಯಮ ಮೊದಲ ವಾರದಲ್ಲೇ ಮುರಿಯುತ್ತದೆ. ಕೊಯ್ಲು ಶುರುವಾಗುವ ದಿನವನ್ನು ಕ್ಯಾಲೆಂಡರ್ ನೋಡಿಯಲ್ಲ, ಕಾಯಿಯ ಬಣ್ಣ ನೋಡಿ ಗೊತ್ತುಮಾಡಿ. ಕತ್ತಿ ಬೇಡ, ತುದಿಗೆ ಬಲೆ ಕಟ್ಟಿದ ಉದ್ದ ಕೋಲು, ಅಂದರೆ ದೋಟಿ ಸಾಕು. ದೋಟಿಗೆ ಎಟುಕದ ತುದಿಯ ಹಣ್ಣು ಸಿಂಗಳೀಕಕ್ಕಿರಲಿ.

ಇಷ್ಟಾದರೂ ಒಣಗಿಸುವ ಕಷ್ಟ ಉಳಿದೇ ಇರುತ್ತದೆ. ಸುರಿವ ಮಳೆಯಲ್ಲಿ ಬಿಸಿಲೆಲ್ಲಿ? ತೆರೆದ ಒಲೆಯ ಮೇಲೆ ಅಟ್ಟ ಕಟ್ಟಿ ಒಣಗಿಸಿದರೆ ಸೌದೆ ರಾಶಿಗಟ್ಟಲೆ ಬೇಕು, ಅದೂ ಅದೇ ಕಾಡಿನದು. ಸುತ್ತ ಗೋಡೆ ಮುಚ್ಚಿ, ಹೊಗೆ ಕೊಳವೆಯಲ್ಲಿ ಹೊರಹೋಗುವಂತೆ ಮಾಡಿದ ಡ್ರೈಯರ್ ಕಡಿಮೆ ಸೌದೆಯಲ್ಲಿ ಕೆಲಸ ಮುಗಿಸುತ್ತದೆ. ಆದರೆ ಊರಿಗೊಂದೇ ದೊಡ್ಡ ಡ್ರೈಯರ್ ಹಾಕಿದರೆ ಹೆಚ್ಚಾಗಿ ಅದು ಪಾಳು ಬೀಳುತ್ತದೆ: ಸರದಿ ಬರುವಷ್ಟರಲ್ಲಿ ಹಸಿಸಿಪ್ಪೆಗೆ ಬೂಸ್ಟು. ಐದಾರು ಮನೆಗೊಂದು ಚಿಕ್ಕದು ವಾಸಿ. ಕಟ್ಟುವ ಮೊದಲು ಕೊಳ್ಳುವವರನ್ನು ಕೇಳಿಕೊಳ್ಳಿ. ಮೀನುಸಾರಿಗೆ ಹೊಗೆ ಹಿಡಿದ ಕಪ್ಪು ಸಿಪ್ಪೆಯೇ ಬೇಕೆನ್ನುವವರೂ ಇದ್ದಾರೆ.

ಇನ್ನು ಸಸಿ ಹಂಚುವ ಉತ್ಸಾಹ. ಉಪ್ಪಾಗೆಯಲ್ಲಿ ಗಂಡು-ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿಯಲ್ಲಿ ಅರ್ಧಕ್ಕರ್ಧ ಗಂಡು. ಅದು ಗೊತ್ತಾಗುವುದು ಹತ್ತು-ಹನ್ನೆರಡು ವರ್ಷ ಸಾಕಿದ ಮೇಲೆ. ರೈತ ಕಡಿದು ಬಿಸಾಕದೆ ಇನ್ನೇನು ಮಾಡಿಯಾನು? ಹೆಣ್ಣು ಮರದ ಕುಡಿಯಿಂದ ಕಟ್ಟಿದ ಕಸಿ ಗಿಡ ಮೂರ್ನಾಲ್ಕು ವರ್ಷಕ್ಕೇ ಕಾಯಿ ಹಿಡಿಯುತ್ತದೆ. ತೋಟದಂಚಿಗೆ, ಬೆಟ್ಟಕ್ಕೆ ಅದನ್ನೇ ಕೊಡಿ. ನಡುವೆ ಒಂದೆರಡು ಗಂಡು ಗಿಡವೂ ಇರಲಿ.