ಐನ್‌ಮನೆ ಮಾದರಿಗೆ ಫೈಬರ್ ದೀಪ: ಅಧ್ಯಯನ ಟಿಪ್ಪಣಿ

ಉದಾಹರಣೆಗೆ 1:50 ಅಳತೆಯ ಕೊಡಗಿನ ಐನ್‌ಮನೆ, ಅಂದರೆ ಕೊಡವರ ಕುಲದ ಮೂಲಮನೆಯ ಮಾದರಿ ಇರಲಿ. ಕೈಯಾಲೆಯಲ್ಲಿ (ಮುಂಜಗಲಿ) ಎರಡು ಬಲ್ಬು, ಒಳಗೆ ನೆಲ್ಲಕ್ಕಿ ನಡುಬಾಡೆಯಲ್ಲಿ (ನಡುಮನೆ) ತೂಗುದೀಪ. ಅಲ್ಲಿಗೆ 3 ಮಿ.ಮೀ. ಎಲ್‌ಇಡಿಯನ್ನೇ ತುರುಕಿದರೆ ಈ ಅಳತೆಯಲ್ಲಿ ಅದು 15 ಸೆಂ.ಮೀ. ಆಗುತ್ತದೆ. ದೀಪವಲ್ಲ, ಕುಂಬಳಕಾಯಿ. ಅದಕ್ಕೇ ಎಲ್‌ಇಡಿಯನ್ನು ಮರೆಯ ಪೆಟ್ಟಿಗೆಯಲ್ಲಿಟ್ಟು, ಫೈಬರ್ ಅಂದರೆ ಬೆಳಕು ಸಾಗಿಸುವ ಪ್ಲಾಸ್ಟಿಕ್ ಎಳೆಯಿಂದ ಬೆಳಕನ್ನು ದೀಪದ ಜಾಗಕ್ಕೆ ತರುವುದು. 0.5 ಮಿ.ಮೀ. ಎಳೆ 2.5 ಸೆಂ.ಮೀ. ಜ್ವಾಲೆಗೆ ಸಮ, 1 ಮಿ.ಮೀ. ಎಳೆ 5 ಸೆಂ.ಮೀ. ಬಲ್ಬಿಗೆ ಸಮ. ಬೆಳಕು ಸಾಲದೆಂದು ಎಳೆಯನ್ನು ದಪ್ಪ ಮಾಡಬೇಡಿ. ದೀಪದ ಗಾತ್ರ ಕೆಡುತ್ತದೆ. ಮಂಕಾದರೆ ಎಲ್‌ಇಡಿ ಕಡೆಯ ತುದಿಯನ್ನು ನೋಡಿ.

ನಮಗೆ ಬೇಕಾದದ್ದು ಪಕ್ಕದಲ್ಲಿ ಹೊಳೆಯದ, ತುದಿಯಲ್ಲಷ್ಟೇ ಬೆಳಗುವ ಅಕ್ರಿಲಿಕ್ ಎಳೆ. ತಿರುಳಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1.49, ಹೊರಪದರದ್ದು ಸುಮಾರು 1.40. ಹಾಗಾಗಿ ಒಳಗೆ ಹೊಕ್ಕ ಬೆಳಕು ಗೋಡೆಗೆ ಬಡಿದು ಬಡಿದು ಮುಂದೆ ಸಾಗುತ್ತದೆ. ಆದರೆ ನಡುಗೆರೆಯಿಂದ ಸುಮಾರು 30 ಡಿಗ್ರಿಯೊಳಗೆ ಬಂದ ಬೆಳಕನ್ನಷ್ಟೇ ಎಳೆ ಹಿಡಿಯುತ್ತದೆ, ಬಿಡುವುದೂ ಅಷ್ಟೇ ಕೋನದಲ್ಲಿ. ಎದುರಿನಿಂದ ಪ್ರಖರ, ಪಕ್ಕದಿಂದ ಮಂಕು ಎಂಬ ದೂರಿಗೆ ಇದೇ ಕಾರಣ.

ಪರಿಹಾರ ಊದುಬತ್ತಿ. ಮಾದರಿಯಲ್ಲಿ ದೀಪದ ಜಾಗಕ್ಕೆ 0.6 ಮಿ.ಮೀ. ಡ್ರಿಲ್‌ನಿಂದ ರಂಧ್ರ ಕೊರೆದು, ಎಳೆಯನ್ನು ಹಿಂದಿನಿಂದ ತೂರಿಸಿ 2–3 ಸೆಂ.ಮೀ. ಹೊರಗೆ ಬಿಡಿ. ಬತ್ತಿಯ ಕೆಂಡವನ್ನು ತುದಿಯ ಹತ್ತಿರ ತನ್ನಿ, ಮುಟ್ಟಿಸಬೇಡಿ. ತಯಾರಿಕೆಯಲ್ಲಿ ಹಿಗ್ಗಿಸಿದ ಪ್ಲಾಸ್ಟಿಕ್ ಬಿಸಿಗೆ ಕುಗ್ಗಿ ಅಣಬೆಯ ತಲೆಯಂತೆ ಉಬ್ಬುತ್ತದೆ. ಈಗ ಹಿಂದಿನಿಂದ ಎಳೆದರೆ ಮೊಳೆಯಂತೆ ಕೂರುತ್ತದೆ, ಬೆಳಕು ಅಗಲಕ್ಕೂ ಹರಡುತ್ತದೆ. ಮೊದಲೇ ಉಬ್ಬಿಸಿದರೆ ರಂಧ್ರದಲ್ಲಿ ಹೋಗುವುದೇ ಇಲ್ಲ. ಬಣ್ಣದ ಕೆಲಸವನ್ನೂ ತುದಿ ಉಬ್ಬಿಸುವ ಮುಂಚೆಯೇ ಮುಗಿಸಿ.

ಅಂಟಿಗೆ ಬಿಳಿ ಫೆವಿಕಾಲ್ ಅಥವಾ ಎಪಾಕ್ಸಿ ಸಾಕು. ಸೂಪರ್‌ಗ್ಲೂ ಬೇಡ: ಬಾಗಿಸಿದ ಜಾಗದಲ್ಲಿ ಅದು ಅಕ್ರಿಲಿಕ್‌ನಲ್ಲಿ ಬಿರುಕೆಬ್ಬಿಸುತ್ತದೆ, ಮುಟ್ಟಿದರೆ ಎಳೆ ಪಟಕ್ಕನೆ ಮುರಿಯುತ್ತದೆ. ಅದರ ಆವಿ ಸುತ್ತಲೂ ಬಿಳಿ ಪುಡಿಯಾಗಿ ಕೂರುವುದೂ ಉಂಟು. ಬಾಗು 0.5 ಮಿ.ಮೀ. ಎಳೆಗೆ 1 ಸೆಂ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗದಿರಲಿ.

ಎಲ್‌ಇಡಿ ಕಡೆಯ ಎಳೆಗಳನ್ನು ಒಟ್ಟುಗೂಡಿಸಿ ಕಪ್ಪು ಟೇಪಿನಿಂದ ಬಿಗಿದು, ಹೊಸ ಬ್ಲೇಡಿನಿಂದ ಒಂದೇ ಏಟಿಗೆ ನೇರ ಕತ್ತರಿಸಿ. ಕಟಿಂಗ್ ಪ್ಲೈಯರ್ ತುದಿಯನ್ನು ಜಜ್ಜುತ್ತದೆ. ಆಮೇಲೆ 600, 1000, 2000ರ ನೀರು ಕಾಗದದಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ಕ್ರಮವಾಗಿ ಉಜ್ಜಿ. 5 ಮಿ.ಮೀ. ಎಲ್‌ಇಡಿಯ ಬೆಳಕು ನಡುವೆಯೇ ಗಾಢವಾದ್ದರಿಂದ ಕಂತೆ 3 ಮಿ.ಮೀ. ಮೀರದಿರಲಿ; 0.5ರ ಎಳೆ ಸುಮಾರು 25 ಹಿಡಿಯುತ್ತವೆ. ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆಗೆ ಆಸೆಪಟ್ಟು ಎಳೆಗಳ ಮೇಲೆ ಬಿಸಿಗಾಳಿ ಬಿಡಬೇಡಿ, 70 ಡಿಗ್ರಿ ದಾಟಿದರೆ ಅವು ಸುರುಟುತ್ತವೆ.

5 ವೋಲ್ಟ್ ಚಾರ್ಜರ್, 3.2 ವೋಲ್ಟಿನ ಬಿಳಿ ಎಲ್‌ಇಡಿ, 20 ಮಿಲಿಆಂಪಿಯರ್: ಕರೆಂಟನ್ನು ಮಿತಿಯಲ್ಲಿಡುವ ರೆಸಿಸ್ಟರ್ ಲೆಕ್ಕದಲ್ಲಿ 90 ಓಮ್, ಹಾಕುವುದು 100. ಪ್ರತಿ ಎಲ್‌ಇಡಿಗೂ ಬೇರೆ ರೆಸಿಸ್ಟರ್. ತೂಗುದೀಪಕ್ಕೆ ಹಳದಿ ಛಾಯೆಯದ್ದು ಚೆಂದ. ಮಿನುಗುವ ಎಲ್‌ಇಡಿ ಬಳಸುವುದಾದರೆ ತೂಗುದೀಪದ ಬತ್ತಿಗಳಾಗುವ ಎಳೆಗಳನ್ನು ಎರಡು ಮೂರು ಎಲ್‌ಇಡಿಗಳಿಗೆ ಹಂಚಿ. ಎಲ್ಲವೂ ಒಟ್ಟಿಗೆ ಮಿನುಗಿದರೆ ಸೀರಿಯಲ್ ಸೆಟ್ಟಿನಂತಾಗುತ್ತದೆ.

ಎಲ್‌ಇಡಿ ಪೆಟ್ಟಿಗೆಯ ಒಳಗೆ ಕಪ್ಪು ಬಳಿಯಿರಿ, ಇಲ್ಲವಾದರೆ ಮಾದರಿಯ ಬಿಳಿ ಫೋಮ್ ಗೋಡೆಯೇ ಹೊಳೆಯುತ್ತದೆ. ಬ್ಯಾಟರಿ ಬಳಸಿದ್ದರೆ ಜೂನ್ ಬರುವ ಮೊದಲು ಸೆಲ್‌ಗಳನ್ನು ತೆಗೆದಿಡಿ. ಸ್ಪ್ರಿಂಗಿಗೆ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು.